ಲಿಂಕ್ ಅಗ್ರಿಗೇಶನ್ ದೋಷ ನಿವಾರಣೆ: ಬಂಡಲ್ ‘ಅಪ್’ ಎಂದು ತೋರಿಸುತ್ತಿದ್ದರೂ ಕೆಲವರಿಗೆ ಮಾತ್ರ ನೆಟ್‌ವರ್ಕ್ ಸಿಗದಿದ್ದಾಗ

ಎರಡು ಸ್ವಿಚ್‌ಗಳ ನಡುವೆ ಎರಡೋ ನಾಲ್ಕೋ ಕೇಬಲ್ ಎಳೆದು, ಅವನ್ನೆಲ್ಲ ಒಂದೇ ಲಿಂಕ್ ಆಗಿ, ಅಂದರೆ ಒಂದು ಬಂಡಲ್ ಆಗಿ, ಕಟ್ಟಿದ ಮೇಲೆ ಬರುವ ದೂರುಗಳು ‘ನೆಟ್‌ವರ್ಕ್ ಪೂರ್ತಿ ನಿಂತುಹೋಗಿದೆ’ ಎಂಬಂತೆ ಇರುವುದು ಅಪರೂಪ. ‘ನನಗೆ ಸರ್ವರ್ ಸಿಗುತ್ತಿಲ್ಲ, ಪಕ್ಕದ ಮೇಜಿನವರಿಗೆ ಸಿಗುತ್ತಿದೆ’ ಎಂದೋ, ‘ಬೆಳಿಗ್ಗೆ ಸರಿಯಿತ್ತು, ಈಗ ಒಂದು ಪುಟ ತೆರೆಯುತ್ತದೆ, ಇನ್ನೊಂದು ತೆರೆಯುವುದಿಲ್ಲ’ ಎಂದೋ ಅವು ಬರುತ್ತವೆ. ಸ್ವಿಚ್‌ಗೆ ಲಾಗಿನ್ ಆಗಿ ನೋಡಿದರೆ ಬಂಡಲ್ ಅಪ್ ಇರುತ್ತದೆ, ಎಲ್ಲ ಪೋರ್ಟ್‌ಗಳ ದೀಪ ಉರಿಯುತ್ತಿರುತ್ತದೆ, ಕಾನ್ಫಿಗರೇಶನ್ ಕೂಡ ನಾವು ಬರೆದಂತೆಯೇ ಇರುತ್ತದೆ. ಅಲ್ಲಿಗೇ ತೃಪ್ತರಾಗಿ ತಪ್ಪನ್ನು ಸರ್ವರ್‌ನಲ್ಲಿ ಹುಡುಕಲು ಹೊರಟರೆ ಅರ್ಧ ದಿನ ಕಳೆದುಹೋಗುತ್ತದೆ. ಬಂಡಲ್‌ನ ಒಟ್ಟು ಸ್ಥಿತಿಯನ್ನು ಬದಿಗಿಟ್ಟು, ಅದರೊಳಗಿನ ಒಂದೊಂದು ಸದಸ್ಯ ಪೋರ್ಟನ್ನೂ ಎರಡೂ ತುದಿಗಳಿಂದ ಬೇರೆಬೇರೆಯಾಗಿ ನೋಡುವ ಕ್ರಮವನ್ನು ಈ ಕೈಪಿಡಿ ವಿವರಿಸುತ್ತದೆ.

ಹೆಸರಿನ ಗೊಂದಲ ಮೊದಲು

ಎರಡು ತುದಿಗಳಲ್ಲಿ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳಿದ್ದರೆ, ದೋಷ ಹುಡುಕುವ ಮುನ್ನ ಎರಡೂ ಕಡೆಯವರು ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಿದ್ದಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಸಿಸ್ಕೊ ಇದನ್ನು ಈಥರ್‌ಚಾನೆಲ್ ಅಥವಾ ಪೋರ್ಟ್-ಚಾನೆಲ್ ಎನ್ನುತ್ತದೆ, ಹುವಾವೇ ಈಥ್-ಟ್ರಂಕ್ ಎನ್ನುತ್ತದೆ, ಜುನಿಪರ್‌ನಲ್ಲಿ ಅದು ‘ಎಇ’ ಇಂಟರ್‌ಫೇಸ್, ಲಿನಕ್ಸ್‌ನಲ್ಲಿ ಬಾಂಡಿಂಗ್. ಎಚ್‌ಪಿಯ ಪ್ರೊಕರ್ವ್ ಸಾಲಿನ ಸ್ವಿಚ್‌ಗಳಲ್ಲಿ ‘ಟ್ರಂಕ್’ ಎಂದರೆ ಹಲವು ಪೋರ್ಟ್‌ಗಳ ಕಟ್ಟು. ಸಿಸ್ಕೊದಲ್ಲಿ ಅದೇ ಪದಕ್ಕೆ ಹಲವು ವಿಲ್ಯಾನ್‌ಗಳನ್ನು (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್‌ಗಳನ್ನು) ಟ್ಯಾಗ್ ಹಾಕಿ ಸಾಗಿಸುವ ಪೋರ್ಟ್ ಎಂಬ ಅರ್ಥ. ಫೋನಿನಲ್ಲಿ ‘ಟ್ರಂಕ್ ಮಾಡಿದ್ದೇನೆ’ ಎಂದು ಒಬ್ಬರು ಹೇಳಿ, ‘ಸರಿ’ ಎಂದು ಇನ್ನೊಬ್ಬರು ಒಪ್ಪಿಕೊಂಡು, ಒಂದು ತುದಿಯಲ್ಲಿ ಮಾತ್ರ ಬಂಡಲ್ ಕಟ್ಟಿದ ಪ್ರಸಂಗಗಳು ಈ ವೃತ್ತಿಯಲ್ಲಿರುವವರಿಗೆ ಹೊಸದೇನಲ್ಲ.

ಈ ವ್ಯವಸ್ಥೆಯ ಮಾನಕ 2000ದಲ್ಲಿ ಐಇಇಇ 802.3ಎಡಿ ಎಂಬ ಹೆಸರಿನಲ್ಲಿ ಬಂದಿತು. 2008ರಲ್ಲಿ ಅದನ್ನು 802.1ಎಎಕ್ಸ್‌ಗೆ ಸರಿಸಲಾಯಿತು. ಹಳೆಯ ಸಂಖ್ಯೆಯೇ ಇಂದಿಗೂ ಬಾಯಲ್ಲೂ ಮೆನುಗಳಲ್ಲೂ ಉಳಿದಿದೆ. ಎರಡು ತುದಿಗಳು ಪರಸ್ಪರ ಮಾತಾಡಿಕೊಂಡು ಬಂಡಲ್ ಕಟ್ಟುವ ನಿಯಮಾವಳಿಗೆ ಎಲ್‌ಎಸಿಪಿ ಎಂದು ಹೆಸರು. ಆ ಮಾತುಕತೆಯೇ ಇಲ್ಲದೆ, ‘ಈ ಪೋರ್ಟ್‌ಗಳು ಒಂದು ಕಟ್ಟು’ ಎಂದು ಸ್ವಿಚ್‌ಗೆ ನೇರವಾಗಿ ಹೇಳಿಬಿಡುವುದು ಸ್ಥಿರ ವಿಧಾನ. ಸಿಸ್ಕೊದಲ್ಲಿ ಅದರ ಹೆಸರು ‘ಆನ್’. ಹುವಾವೇಯ ಈಥ್-ಟ್ರಂಕ್‌ನಲ್ಲಿ ನಾವಾಗಿ ಬದಲಾಯಿಸದಿದ್ದರೆ ಇರುವುದು ಈ ಸ್ಥಿರ ವಿಧಾನವೇ.

ಮೊದಲ ಪ್ರಶ್ನೆ: ಎದುರಿಗೆ ಯಾರಿದ್ದಾರೆ?

ಎಲ್‌ಎಸಿಪಿ ಬಳಸುತ್ತಿದ್ದರೆ, ಕಾನ್ಫಿಗರೇಶನ್ ಓದುವುದಕ್ಕಿಂತ ಮೊದಲು ಪ್ರತಿ ಸದಸ್ಯ ಪೋರ್ಟ್‌ನ ‘ಪಾರ್ಟ್‌ನರ್’ ವಿವರವನ್ನು ತೆರೆದು ನೋಡಬೇಕು. ಸಿಸ್ಕೊ ಸ್ವಿಚ್‌ಗಳಲ್ಲಿ ‘ಶೋ ಎಲ್‌ಎಸಿಪಿ ನೇಬರ್’ ಎಂಬ ಆಜ್ಞೆ ಇದನ್ನು ಕೊಡುತ್ತದೆ. ಉಳಿದ ಕಂಪನಿಗಳ ಸ್ವಿಚ್‌ಗಳಲ್ಲೂ ಇದಕ್ಕೆ ಸಮಾನವಾದದ್ದು ಇರುತ್ತದೆ. ನಾವು ಬರೆದ ಕಾನ್ಫಿಗರೇಶನ್ ನಮ್ಮ ಉದ್ದೇಶವನ್ನಷ್ಟೇ ಹೇಳುತ್ತದೆ. ಕೇಬಲ್‌ನ ಆ ತುದಿಯಲ್ಲಿ ನಿಜಕ್ಕೂ ಯಾವ ಸ್ವಿಚ್ ಇದೆ ಎಂಬುದನ್ನು ಹೇಳುವುದು ಪಾರ್ಟ್‌ನರ್ ವಿವರ.

ಒಂದು ಬಂಡಲ್‌ನ ಎಲ್ಲ ಸದಸ್ಯರಿಗೂ ಪಾರ್ಟ್‌ನರ್‌ನ ಸಿಸ್ಟಮ್ ಐಡಿ (ಸ್ವಿಚ್‌ನ ಗುರುತು) ಮತ್ತು ಕೀ (ಪೋರ್ಟ್ ಯಾವ ಗುಂಪಿನದು ಎಂದು ಸೂಚಿಸುವ ಸಂಖ್ಯೆ) ಒಂದೇ ಆಗಿರಬೇಕು. ಮೂರು ಪೋರ್ಟ್‌ಗಳಲ್ಲಿ ಒಂದು ಐಡಿ, ನಾಲ್ಕನೆಯದರಲ್ಲಿ ಮತ್ತೊಂದು ಐಡಿ ಕಂಡರೆ ಆ ನಾಲ್ಕನೆಯ ಕೇಬಲ್ ಬೇರೆ ಸ್ವಿಚ್‌ಗೆ ಹೋಗಿದೆ. ಐಡಿ ಒಂದೇ ಇದ್ದು ಕೀ ಮಾತ್ರ ಬೇರೆಯಾಗಿದ್ದರೆ, ಕೇಬಲ್ ಸರಿಯಾದ ಸ್ವಿಚ್‌ಗೇ ಹೋಗಿದೆ, ಆದರೆ ಅಲ್ಲಿ ಆ ಪೋರ್ಟ್ ಬೇರೆ ಗುಂಪಿಗೆ ಸೇರಿದೆ ಅಥವಾ ಅದರ ವೇಗ ಬೇರೆಯಾಗಿದೆ. ಐಡಿಯ ಜಾಗದಲ್ಲಿ ಬರೀ ಸೊನ್ನೆಗಳಿದ್ದರೆ ಎದುರಿನಿಂದ ಎಲ್‌ಎಸಿಪಿಯ ಒಂದು ಫ್ರೇಮ್ (ಕೇಬಲ್ ಮೇಲೆ ಹೋಗುವ ದತ್ತಾಂಶದ ತುಂಡು) ಕೂಡ ಬಂದಿಲ್ಲವೆಂದು ಅರ್ಥ. ಪಾರ್ಟ್‌ನರ್ ಐಡಿ ಎಂದು ನಮ್ಮದೇ ಸ್ವಿಚ್‌ನ ಐಡಿ ಕಾಣಿಸಿದರೆ ಆ ಕೇಬಲ್‌ನ ಎರಡೂ ತುದಿ ನಮ್ಮ ಸ್ವಿಚ್‌ನಲ್ಲೇ ಇವೆ. ಪ್ಯಾಚ್ ಪ್ಯಾನೆಲ್‌ನ ಸಂಖ್ಯೆಗಳನ್ನು ಮತ್ತೊಮ್ಮೆ ಓದಬೇಕು.

ಒಂದು ಬಂಡಲ್‌ನ ಕೇಬಲ್‌ಗಳನ್ನು ಎರಡು ಬೇರೆ ಬೇರೆ ಸ್ವಿಚ್‌ಗಳಿಗೆ ಹಂಚುವ ಆಸೆ ಎಲ್ಲರಿಗೂ ಇರುತ್ತದೆ. ಒಂದು ಸ್ವಿಚ್ ಕೆಟ್ಟರೂ ಇನ್ನೊಂದು ಇರಲಿ ಎಂಬ ಲೆಕ್ಕ ಅದು. ಆದರೆ ಆ ಎರಡು ಸ್ವಿಚ್‌ಗಳು ಸ್ಟ್ಯಾಕ್ ಆಗಿರಬೇಕು (ಒಂದೇ ಸ್ವಿಚ್‌ನಂತೆ ಕೂಡಿಕೊಂಡಿರಬೇಕು), ಇಲ್ಲವೇ ಎಂಲ್ಯಾಗ್, ವಿಪಿಸಿಯಂಥ ವ್ಯವಸ್ಥೆಯ ಮೂಲಕ ಹೊರಗಿನವರಿಗೆ ಒಂದೇ ಐಡಿಯನ್ನು ತೋರಿಸುತ್ತಿರಬೇಕು. ಸುಮ್ಮನೆ ಅಕ್ಕಪಕ್ಕ ಇಟ್ಟ ಎರಡು ಸ್ವಿಚ್‌ಗಳ ಜೊತೆ ಇದು ಆಗದು. ಎಲ್‌ಎಸಿಪಿ ಇದ್ದರೆ ಅರ್ಧ ಬಂಡಲ್ ಕಟ್ಟಿಕೊಳ್ಳುವುದೇ ಇಲ್ಲ. ಸ್ಥಿರ ವಿಧಾನದಲ್ಲಿ ಅದು ಕಟ್ಟಿಕೊಂಡಂತೆ ನಟಿಸುತ್ತದೆ, ಅದೇ ಹೆಚ್ಚು ಅಪಾಯ.

ಸ್ಥಿತಿಯ ಎಂಟು ಬಿಟ್‌ಗಳು

ಪ್ರತಿ ತುದಿಯೂ ತನ್ನ ಸ್ಥಿತಿಯನ್ನು ಎಂಟು ಬಿಟ್‌ಗಳಲ್ಲಿ ಎದುರಿನ ತುದಿಗೆ ಹೇಳುತ್ತದೆ. ಅವು ಕ್ರಮವಾಗಿ ಆಕ್ಟಿವಿಟಿ, ಟೈಮೌಟ್, ಅಗ್ರಿಗೇಶನ್, ಸಿಂಕ್ರೊನೈಸೇಶನ್, ಕಲೆಕ್ಟಿಂಗ್, ಡಿಸ್ಟ್ರಿಬ್ಯೂಟಿಂಗ್, ಡಿಫಾಲ್ಟೆಡ್ ಮತ್ತು ಎಕ್ಸ್‌ಪೈರ್ಡ್. ಬೆಲೆಗಳು 1, 2, 4, 8, 16, 32, 64, 128. ಲಿನಕ್ಸ್‌ನ ಬಾಂಡಿಂಗ್ ವರದಿಯಲ್ಲಿ ಇವುಗಳ ಮೊತ್ತ ದಶಮಾನ ಸಂಖ್ಯೆಯಾಗಿ ಬರುತ್ತದೆ; ಕೆಲವು ಸ್ವಿಚ್‌ಗಳು ಹದಿನಾರರ ಪದ್ಧತಿಯಲ್ಲಿ ಕೊಡುತ್ತವೆ, ಇನ್ನು ಕೆಲವು ಒಂದೊಂದನ್ನೂ ಬಿಡಿಸಿ ಬರೆಯುತ್ತವೆ.

ನೆನಪಿಡಬೇಕಾದ ಸಂಖ್ಯೆಗಳು ಕೆಲವೇ. 61 ಎಂದರೆ 1, 4, 8, 16 ಮತ್ತು 32 ಕೂಡಿದ ಮೊತ್ತ: ಪೋರ್ಟ್ ಬಂಡಲ್‌ಗೆ ಸೇರಿದೆ, ಫ್ರೇಮ್‌ಗಳನ್ನು ಪಡೆಯುತ್ತಿದೆ, ಕಳಿಸುತ್ತಲೂ ಇದೆ. 63 ಎಂದರೆ ಅದೇ ಆರೋಗ್ಯಕರ ಸ್ಥಿತಿ, ಟೈಮೌಟ್ ಮಾತ್ರ ಚಿಕ್ಕದು. 69 ಅಥವಾ 71 ಕಂಡರೆ 64ರ ಬಿಟ್ ಏರಿದೆ, ಅಂದರೆ ಎದುರಿನಿಂದ ಏನೂ ಕೇಳಿಸದ ಕಾರಣ ಈ ತುದಿ ತನ್ನ ಊಹೆಯ ಮೇಲೆ ಕುಳಿತಿದೆ. ನಮ್ಮ ತುದಿಯಲ್ಲಿ 8ರ ಬಿಟ್ ಇದ್ದು, ಪಾರ್ಟ್‌ನರ್‌ನ ಸ್ಥಿತಿಯಲ್ಲಿ ಅದು ಇಲ್ಲದಿದ್ದರೆ ತಕರಾರು ಎದುರಿನದು; ಅಲ್ಲಿಯ ಲಾಗ್ ತೆರೆಯಬೇಕು.

ಒಂದು ತುದಿ 61, ಇನ್ನೊಂದು 63 ತೋರಿಸಿದರೆ ಗಾಬರಿಯಾಗಬೇಕಿಲ್ಲ. ಟೈಮೌಟ್ ಬಿಟ್ ‘ನನಗೆ ಇಷ್ಟು ಬೇಗ ಬೇಗ ಕಳಿಸು’ ಎಂಬ ಕೋರಿಕೆಯಷ್ಟೇ, ಎರಡೂ ಕಡೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಿಧಾನ ಕ್ರಮದಲ್ಲಿ 30 ಸೆಕೆಂಡಿಗೊಮ್ಮೆ ಫ್ರೇಮ್ ಬರುತ್ತದೆ, 90 ಸೆಕೆಂಡ್ ಬಾರದಿದ್ದರೆ ಲಿಂಕನ್ನು ಕೈಬಿಡಲಾಗುತ್ತದೆ. ವೇಗದ ಕ್ರಮದಲ್ಲಿ ಇವು ಕ್ರಮವಾಗಿ 1 ಮತ್ತು 3 ಸೆಕೆಂಡ್. ಬಂಡಲ್ ಹೇಗೂ ಕಟ್ಟಿಕೊಳ್ಳುತ್ತದೆ, ಆದರೆ ಒಂದು ತುದಿ ದೋಷವನ್ನು 3 ಸೆಕೆಂಡಿನಲ್ಲಿ ಅರಿತರೆ ಇನ್ನೊಂದು ಒಂದೂವರೆ ನಿಮಿಷ ಕತ್ತಲಿಗೆ ಕಳಿಸುತ್ತಲೇ ಇರಬಹುದು.

ಬಂಡಲ್ ಕಟ್ಟಿಕೊಳ್ಳದಿದ್ದಾಗ

ಇದು ಸುಲಭದ ವರ್ಗ, ಏಕೆಂದರೆ ದೋಷ ಕಣ್ಣಿಗೆ ಕಾಣುತ್ತದೆ. ಸಿಸ್ಕೊದ ‘ಶೋ ಈಥರ್‌ಚಾನೆಲ್ ಸಮ್ಮರಿ’ ಪಟ್ಟಿಯಲ್ಲಿ ಪೋರ್ಟ್ ಹೆಸರಿನ ಮುಂದೆ ಕಂಸದಲ್ಲಿ ‘ಪಿ’ ಇದ್ದರೆ ಬಂಡಲ್‌ನಲ್ಲಿದೆ, ‘ಐ’ ಇದ್ದರೆ ಒಂಟಿಯಾಗಿ ಓಡುತ್ತಿದೆ, ಸಣ್ಣ ‘ಎಸ್’ ಇದ್ದರೆ ತಡೆಹಿಡಿಯಲಾಗಿದೆ, ದೊಡ್ಡ ‘ಎಚ್’ ಇದ್ದರೆ ಮೀಸಲಾಗಿ ಕಾಯುತ್ತಿದೆ. ಕೊನೆಯದು ದೋಷವಲ್ಲ, ಆ ಸ್ವಿಚ್‌ಗಳ ಎಲ್‌ಎಸಿಪಿ ಬಂಡಲ್‌ನಲ್ಲಿ ಸಾಮಾನ್ಯವಾಗಿ ಎಂಟು ಪೋರ್ಟ್‌ಗಳಷ್ಟೇ ಒಮ್ಮೆಗೆ ಕೆಲಸ ಮಾಡುತ್ತವೆ, ಮಿಕ್ಕವು ಕಾಯುತ್ತವೆ.

‘ಐ’ ಕಂಡರೆ ವಿಧಾನ ಹೊಂದುತ್ತಿಲ್ಲವೇ ಎಂದು ಮೊದಲು ಪರೀಕ್ಷಿಸಬೇಕು. ಎರಡೂ ತುದಿ ‘ಪ್ಯಾಸಿವ್’ ಆಗಿದ್ದರೆ ಯಾರೂ ಮೊದಲು ಮಾತಾಡುವುದಿಲ್ಲ, ಬಂಡಲ್ ಆಗುವುದಿಲ್ಲ. ಒಂದು ತುದಿಯಾದರೂ ‘ಆಕ್ಟಿವ್’ ಆಗಿರಬೇಕು. ಎರಡೂ ಆಗಿದ್ದರೆ ಇನ್ನೂ ಒಳ್ಳೆಯದು. ಜುನಿಪರ್‌ನಲ್ಲಿ ಎಲ್‌ಎಸಿಪಿಯನ್ನು ಬರೆದು ‘ಆಕ್ಟಿವ್’ ಪದವನ್ನು ಮರೆತರೆ ಅದು ಪ್ಯಾಸಿವ್ ಆಗಿಯೇ ಉಳಿಯುತ್ತದೆ ಎಂಬುದನ್ನು ಗಮನಿಸಬೇಕು. ಒಂದು ಕಡೆ ‘ಆನ್’, ಇನ್ನೊಂದು ಕಡೆ ‘ಆಕ್ಟಿವ್’ ಇದ್ದರೆ ‘ಆನ್’ ಇರುವ ತುದಿ ಬಂಡಲ್ ಸಿದ್ಧ ಎಂದು ನಂಬಿ ಕಳಿಸುತ್ತದೆ, ಎದುರಿನದು ಪೋರ್ಟ್‌ಗಳನ್ನು ಒಂಟಿಯಾಗಿ ಬಿಡುತ್ತದೆ ಅಥವಾ ತಡೆಹಿಡಿಯುತ್ತದೆ. ಒಂಟಿಯಾಗಿ ಬಿಟ್ಟರೆ, ಒಂದು ಕೇಬಲ್‌ನಲ್ಲಿ ಹೋದ ಬ್ರಾಡ್‌ಕಾಸ್ಟ್ ಫ್ರೇಮ್ ಇನ್ನೊಂದು ಕೇಬಲ್‌ನಿಂದ ಮರಳಿ ಬಂದು, ತನ್ನ ಬಳಿಯೇ ಇರುವ ಕಂಪ್ಯೂಟರ್ ಬಂಡಲ್‌ನ ಆಚೆ ಇದೆ ಎಂದು ಸ್ವಿಚ್ ತಪ್ಪು ಕಲಿಯುತ್ತದೆ. ಲಾಗ್‌ನಲ್ಲಿ ‘ಮ್ಯಾಕ್ ಫ್ಲ್ಯಾಪ್’ (ಒಂದು ಯಂತ್ರದ ವಿಳಾಸ ಪೋರ್ಟ್‌ನಿಂದ ಪೋರ್ಟ್‌ಗೆ ಹಾರುತ್ತಿದೆ) ಎಂಬ ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದರೆ ಇದನ್ನೇ ಮೊದಲು ಶಂಕಿಸಬೇಕು. ಸಿಸ್ಕೊದಲ್ಲಿ ಇದನ್ನು ಹಿಡಿಯಲೆಂದೇ ಸ್ಪ್ಯಾನಿಂಗ್ ಟ್ರೀಯ (ಫ್ರೇಮ್‌ಗಳು ಸುತ್ತುತ್ತಲೇ ಇರದಂತೆ ತಡೆಯುವ ನಿಯಮಾವಳಿಯ) ಒಂದು ಕಾವಲಿದೆ. ಅದು ಪೋರ್ಟ್‌ಗಳನ್ನು ‘ಚಾನೆಲ್-ಮಿಸ್‌ಕಾನ್ಫಿಗ್’ ಎಂಬ ಕಾರಣ ಕೊಟ್ಟು ಎರರ್-ಡಿಸೇಬಲ್ ಮಾಡುತ್ತದೆ, ಅಂದರೆ ದೋಷವೆಂದು ಮುಚ್ಚಿಬಿಡುತ್ತದೆ. ಆ ಕಾವಲನ್ನು ತೆಗೆದುಹಾಕಿ ‘ಸರಿಯಾಯಿತು’ ಎನ್ನುವವರಿದ್ದಾರೆ. ಅದು ಹೊಗೆಯ ಅಲಾರಂನ ಬ್ಯಾಟರಿ ಕಿತ್ತಂತೆ.

ತಡೆಹಿಡಿದ ಪೋರ್ಟ್‌ಗಳ ವಿಷಯದಲ್ಲಿ ಲಾಗ್ ಓದಿದರೆ ಸಾಕು. ವೇಗ ಬೇರೆ, ಡ್ಯುಪ್ಲೆಕ್ಸ್ ಬೇರೆ, ನೇಟಿವ್ ವಿಲ್ಯಾನ್ ಬೇರೆ, ಅನುಮತಿಸಿದ ವಿಲ್ಯಾನ್‌ಗಳ ಪಟ್ಟಿ ಬೇರೆ ಎಂದು ಕಾರಣ ಸಮೇತ ಬರೆದಿರುತ್ತದೆ. ಹೊಸ ವಿಲ್ಯಾನ್ ಸೇರಿಸುವಾಗ ಬಂಡಲ್‌ನ ಇಂಟರ್‌ಫೇಸ್ ಬಿಟ್ಟು ಒಂದು ಸದಸ್ಯ ಪೋರ್ಟ್ ಮೇಲೆ ಬರೆದಿರುವುದು ಇದರ ಸಾಮಾನ್ಯ ಮೂಲ. ಬದಲಾವಣೆಯೆಲ್ಲ ಬಂಡಲ್‌ನ ಇಂಟರ್‌ಫೇಸ್ ಮೇಲೆಯೇ ಆಗಬೇಕು.

ವಿಧಾನವೂ ಸರಿ, ಕಾನ್ಫಿಗರೇಶನ್ನೂ ಸರಿ, ಆದರೂ ಪಾರ್ಟ್‌ನರ್ ಐಡಿ ಸೊನ್ನೆಯೇ ಎಂದಾದರೆ ನಡುವೆ ಏನಿದೆ ಎಂದು ಕೇಳಬೇಕು. ಎಲ್‌ಎಸಿಪಿ ಫ್ರೇಮ್‌ಗಳು 01-80-ಸಿ2-00-00-02 ಎಂಬ ವಿಳಾಸಕ್ಕೆ ಹೋಗುತ್ತವೆ. ಮಾನಕದ ಪ್ರಕಾರ ಯಾವ ಸ್ವಿಚ್ ಕೂಡ ಇವನ್ನು ಮುಂದೆ ದಾಟಿಸಬಾರದು. ಹಾಗಾಗಿ ಎರಡು ತುದಿಗಳ ನಡುವೆ ಯಾರೋ ಒಂದು ಚಿಕ್ಕ ಸ್ವಿಚ್ ಸೇರಿಸಿದ್ದರೆ, ಅಥವಾ ಆ ಲಿಂಕ್ ಹೊರಗಿನ ಸೇವೆಯೊಂದರ ಮೂಲಕ ಹಾದುಬರುತ್ತಿದ್ದು ಅವರು ಈ ಫ್ರೇಮ್‌ಗಳನ್ನು ಸುರಂಗದಲ್ಲಿ ಸಾಗಿಸುತ್ತಿಲ್ಲವಾದರೆ, ಉಳಿದ ಹರಿವೆಲ್ಲ ಸರಾಗವಾಗಿದ್ದರೂ ಬಂಡಲ್ ಆಗುವುದಿಲ್ಲ.

ಕೆಲವರಿಗೆ ಮಾತ್ರ ತೊಂದರೆ ಆದಾಗ

ಬಂಡಲ್ ತನ್ನ ಕೇಬಲ್‌ಗಳ ಮೇಲೆ ಫ್ರೇಮ್‌ಗಳನ್ನು ಇಸ್ಪೀಟು ಹಂಚಿದಂತೆ ಒಂದೊಂದಾಗಿ ಹಂಚುವುದಿಲ್ಲ. ಒಂದು ಸಂವಾದದ ಫ್ರೇಮ್‌ಗಳು ಕ್ರಮ ತಪ್ಪಬಾರದು ಎಂಬುದು ಮಾನಕದ ಷರತ್ತು. ಆದ್ದರಿಂದ ಕಳಿಸುವವರ ಮತ್ತು ಪಡೆಯುವವರ ವಿಳಾಸಗಳಿಂದ ಒಂದು ಹ್ಯಾಶ್ (ವಿಳಾಸಗಳನ್ನು ಒಂದು ಚಿಕ್ಕ ಸಂಖ್ಯೆಗೆ ಇಳಿಸುವ ಲೆಕ್ಕ) ಹಾಕಿ, ಅದರ ಫಲ ಯಾವ ಕೇಬಲ್ ಹೇಳುತ್ತದೋ ಆ ಸಂವಾದವನ್ನು ಪೂರ್ತಿಯಾಗಿ ಅದೇ ಕೇಬಲ್‌ಗೆ ಕಟ್ಟಿಹಾಕಲಾಗುತ್ತದೆ. ಹೀಗಾಗಿ ನಾಲ್ಕರಲ್ಲಿ ಒಂದು ಕೇಬಲ್ ಒಳಗೊಳಗೇ ಕೆಟ್ಟರೆ ಎಲ್ಲರಿಗೂ ಕಾಲುಭಾಗ ತೊಂದರೆ ಆಗುವುದಿಲ್ಲ. ಸುಮಾರು ಕಾಲುಭಾಗ ಸಂವಾದಗಳಿಗೆ ಪೂರ್ತಿ ತೊಂದರೆ ಆಗುತ್ತದೆ.

ನಾನೇ ಎದುರಿಸಿದ ಒಂದು ಪ್ರಕರಣವನ್ನು ಇಲ್ಲಿ ಹೇಳುವುದು ಉಪಯುಕ್ತ. ಎರಡು ಮಹಡಿಗಳ ಸ್ವಿಚ್‌ಗಳ ನಡುವೆ ಎರಡು ಲಿಂಕ್‌ಗಳ ಸ್ಥಿರ ಬಂಡಲ್ ಇತ್ತು. ಪ್ರತಿ ಲಿಂಕ್‌ನ ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲನ್ನು ಫೈಬರ್‌ಗೆ ಜೋಡಿಸುವ ಪೆಟ್ಟಿಗೆ) ಹಾಕಿ ನಡುವೆ ಫೈಬರ್ ಎಳೆದಿದ್ದರು. ಸರ್ವರ್‌ನ ವಿಳಾಸ 10.0.0.20. ದೂರು ಕೊಟ್ಟವರ ವಿಳಾಸದ ಕೊನೆಯ ಸಂಖ್ಯೆಗಳನ್ನು ಕಾಗದದ ಮೇಲೆ ಬರೆಯುತ್ತಾ ಹೋದಾಗ 11, 13, 17, 25 ಎಂದು ಬಂತು; ತೊಂದರೆಯಿಲ್ಲ ಎಂದವರು 12, 14, 18. ಬೆಸಸಂಖ್ಯೆಯವರಿಗೆಲ್ಲ ಸರ್ವರ್ ಸಿಗುತ್ತಿಲ್ಲ, ಸಮಸಂಖ್ಯೆಯವರಿಗೆಲ್ಲ ಸಿಗುತ್ತಿದೆ. ಆ ಸ್ವಿಚ್ ಎರಡೂ ಐಪಿ ವಿಳಾಸಗಳನ್ನು ಎಕ್ಸಾರ್ ಮಾಡಿ (ಬಿಟ್‌ಗಳು ಒಂದೇ ಆದರೆ ಸೊನ್ನೆ, ಬೇರೆಯಾದರೆ ಒಂದು) ಕೊನೆಯ ಬಿಟ್ ನೋಡಿ ಕೇಬಲ್ ಆರಿಸುತ್ತಿತ್ತು: 12 ಮತ್ತು 20 ಎರಡೂ ಸಮ, ಫಲ ಸೊನ್ನೆ, ಮೊದಲ ಕೇಬಲ್; 11 ಬೆಸ, 20 ಸಮ, ಫಲ ಒಂದು, ಎರಡನೆಯ ಕೇಬಲ್. ಕಂಪ್ಯೂಟರ್‌ಗಳ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ವಿಳಾಸ ಎಂಬ ಪಟ್ಟಿ) ಸರ್ವರ್‌ನ ಮ್ಯಾಕ್ ವಿಳಾಸ ಕಾಣುತ್ತಿದ್ದುದು ನಮ್ಮನ್ನು ಇನ್ನಷ್ಟು ದಾರಿ ತಪ್ಪಿಸಿತ್ತು. ಎಆರ್‌ಪಿ ಐಪಿ ಪ್ಯಾಕೆಟ್ ಅಲ್ಲ, ಅದಕ್ಕೆ ಸಾಮಾನ್ಯವಾಗಿ ಮ್ಯಾಕ್ ವಿಳಾಸದ ಮೇಲೆ ಲೆಕ್ಕ ನಡೆಯುತ್ತದೆ, ಅದು ಆರೋಗ್ಯವಾಗಿದ್ದ ಕೇಬಲ್ ಹಿಡಿದು ಹೋಗುತ್ತಿತ್ತು.

ಎರಡನೆಯ ಲಿಂಕ್‌ನ ಕೌಂಟರ್ ನೋಡಿದೆವು. ನಮ್ಮ ತುದಿಯಲ್ಲಿ ಹೊರಹೋಗುವ ಫ್ರೇಮ್‌ಗಳ ಎಣಿಕೆ ಪ್ರತಿ ಸಲ ನೋಡಿದಾಗಲೂ ಏರುತ್ತಿತ್ತು. ಮೇಲಿನ ಮಹಡಿಯ ಸ್ವಿಚ್‌ನಲ್ಲಿ ಅದೇ ಲಿಂಕ್‌ನ ಒಳಬರುವ ಎಣಿಕೆ ಅಲ್ಲಾಡದೆ ನಿಂತಿತ್ತು. ಎರಡು ಕನ್ವರ್ಟರ್‌ಗಳ ನಡುವಿನ ಫೈಬರ್ ತುಂಡಾಗಿತ್ತು. ಸ್ವಿಚ್‌ನಿಂದ ಕನ್ವರ್ಟರ್‌ವರೆಗಿನ ತಾಮ್ರದ ಕೇಬಲ್ ಎರಡೂ ಕಡೆ ಸರಿಯಾಗಿಯೇ ಇದ್ದುದರಿಂದ ಪೋರ್ಟ್‌ಗಳು ಅಪ್ ಆಗಿಯೇ ಇದ್ದವು. ಸ್ಥಿರ ಬಂಡಲ್‌ಗೆ ಪೋರ್ಟ್ ಅಪ್ ಇದೆಯೇ ಎಂಬುದಷ್ಟೇ ಗೊತ್ತು. ಎಲ್‌ಎಸಿಪಿ ಇದ್ದಿದ್ದರೆ ಹೆಚ್ಚೆಂದರೆ 90 ಸೆಕೆಂಡಿನಲ್ಲಿ ಆ ಕೇಬಲ್ ಬಂಡಲ್‌ನಿಂದ ಹೊರಬೀಳುತ್ತಿತ್ತು, ಯಾರೂ ದೂರು ಕೊಡುತ್ತಿರಲಿಲ್ಲ. ಎರಡೂ ಸ್ವಿಚ್‌ಗೆ ಎಲ್‌ಎಸಿಪಿ ಬರುತ್ತದೆ ಎಂದಾದರೆ ಸ್ಥಿರ ವಿಧಾನವನ್ನು ಆರಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಇಂಥ ದೋಷವನ್ನು ಪತ್ತೆ ಮಾಡಲು ಒಂದೇ ಕಂಪ್ಯೂಟರ್‌ನಿಂದ ಒಂದೇ ವಿಳಾಸಕ್ಕೆ ಎಷ್ಟು ಪಿಂಗ್ ಕಳಿಸಿದರೂ ಪ್ರಯೋಜನವಿಲ್ಲ. ಅವೆಲ್ಲ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ. ಆಚೆಯ ಎಂಟು ಹತ್ತು ಬೇರೆ ಬೇರೆ ವಿಳಾಸಗಳಿಗೆ ಕಳಿಸಿ, ಯಾವುದಕ್ಕೆ ಉತ್ತರ ಬಂತು, ಯಾವುದಕ್ಕೆ ಇಲ್ಲ ಎಂದು ಬರೆದಿಟ್ಟುಕೊಳ್ಳಬೇಕು. ಸಿಸ್ಕೊದ ಹಲವು ಸ್ವಿಚ್‌ಗಳಲ್ಲಿ ‘ಟೆಸ್ಟ್ ಈಥರ್‌ಚಾನೆಲ್ ಲೋಡ್-ಬ್ಯಾಲೆನ್ಸ್’ ಎಂಬ ಆಜ್ಞೆಗೆ ಎರಡು ವಿಳಾಸ ಕೊಟ್ಟರೆ ಆ ಜೋಡಿ ಯಾವ ಪೋರ್ಟ್ ಹಿಡಿಯುತ್ತದೆ ಎಂದು ಅದೇ ಹೇಳುತ್ತದೆ. ಆದರೆ ಆ ಉತ್ತರ ಹೋಗುವ ದಾರಿಯದು ಮಾತ್ರ. ಬರುವ ದಾರಿಯನ್ನು ಎದುರಿನ ಸ್ವಿಚ್ ತನ್ನದೇ ಲೆಕ್ಕದಿಂದ ಆರಿಸುತ್ತದೆ, ಅದು ಬೇರೆ ಕೇಬಲ್ ಆಗಿರಬಹುದು. ಆದ್ದರಿಂದ ಎರಡೂ ತುದಿಗಳಲ್ಲಿ ಕೇಳಬೇಕು.

ಶಂಕಿತ ಕೇಬಲ್ ಗೊತ್ತಾದ ಮೇಲೆ ಅದನ್ನು ಬಂಡಲ್‌ನಿಂದ ಬೇರ್ಪಡಿಸುವಾಗ ಎರಡೂ ತುದಿಯ ಪೋರ್ಟ್‌ಗಳನ್ನು ಶಟ್‌ಡೌನ್ ಮಾಡಬೇಕು. ನಡುವೆ ಕನ್ವರ್ಟರ್ ಇದ್ದಾಗ ಒಂದೇ ತುದಿಯನ್ನು ಮುಚ್ಚಿದರೆ ಎದುರಿನ ಪೋರ್ಟ್‌ಗೆ ಅದು ತಿಳಿಯದೇ ಹೋಗಬಹುದು. ಆಗ ಅದು ಆ ಕೇಬಲ್‌ಗೆ ಕಳಿಸುತ್ತಲೇ ಇರುತ್ತದೆ, ‘ಕೇಬಲ್ ತೆಗೆದರೂ ತೊಂದರೆ ಹೋಗಲಿಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ನಾವು ಬರುತ್ತೇವೆ.

ಪೂರ್ತಿ ತುಂಡಾಗದೆ ಅರೆಬರೆ ಕೆಟ್ಟ ಕೇಬಲ್ ಇನ್ನೂ ಕಷ್ಟ. ಎಲ್‌ಎಸಿಪಿಯ ಚಿಕ್ಕ ಫ್ರೇಮ್‌ಗಳು ದಾಟಿಬಿಡುತ್ತವೆ, ಮೂರರಲ್ಲಿ ಒಂದು ದಾಟಿದರೂ ಲಿಂಕ್ ಉಳಿದುಕೊಳ್ಳುತ್ತದೆ, ದೊಡ್ಡ ಫ್ರೇಮ್‌ಗಳು ಕೆಟ್ಟು ಬೀಳುತ್ತವೆ. ಇಲ್ಲಿ ಎಲ್‌ಎಸಿಪಿ ಕೂಡ ನೆರವಿಗೆ ಬಾರದು. ಪ್ರತಿ ಸದಸ್ಯ ಪೋರ್ಟ್‌ನ ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಫ್ರೇಮ್‌ಗಳ) ಎಣಿಕೆಯನ್ನು ಸೊನ್ನೆಗೆ ತಂದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆ ಎಣಿಕೆ ಏರುವುದು ಪಡೆಯುವ ತುದಿಯಲ್ಲಿ, ಆದರೆ ಕಾರಣ ಇರುವುದು ಹೆಚ್ಚಾಗಿ ಕೇಬಲ್‌ನಲ್ಲಿ, ಕೊಳೆಯಾದ ಫೈಬರ್ ತುದಿಯಲ್ಲಿ ಅಥವಾ ಕಳಿಸುವ ತುದಿಯ ಎಸ್‌ಎಫ್‌ಪಿಯಲ್ಲಿ (ಪೋರ್ಟ್‌ಗೆ ಸಿಕ್ಕಿಸುವ ಫೈಬರ್ ಮಾಡ್ಯೂಲ್‌ನಲ್ಲಿ). ಎಣಿಕೆ ಕಂಡ ಕಡೆಯ ಎಸ್‌ಎಫ್‌ಪಿಯನ್ನಷ್ಟೇ ಬದಲಿಸಿ ಕೈತೊಳೆದುಕೊಂಡರೆ ಮರುದಿನ ಅದೇ ದೂರು ಬರುತ್ತದೆ.

ವೇಗ ಹೆಚ್ಚಲಿಲ್ಲ ಎಂಬ ದೂರು

ಒಂದು ಗಿಗಾಬಿಟ್‌ನ ಎರಡು ಕೇಬಲ್ ಕಟ್ಟಿದರೂ ಒಂದು ಕಡತದ ನಕಲು ಸೆಕೆಂಡಿಗೆ ಸುಮಾರು 940 ಮೆಗಾಬಿಟ್‌ಗೆ ನಿಲ್ಲುವುದು ದೋಷವಲ್ಲ. ಒಂದು ಸಂವಾದ, ಒಂದು ಕೇಬಲ್. ಹಲವು ಸಂವಾದಗಳಿದ್ದೂ ಒಂದೇ ಕೇಬಲ್ ತುಂಬಿ ಇನ್ನೊಂದು ಖಾಲಿ ಇದ್ದರೆ ಮಾತ್ರ ಹ್ಯಾಶ್‌ನ ಆಯ್ಕೆಯನ್ನು ನೋಡಬೇಕು. ಬಂಡಲ್‌ನ ಎರಡೂ ಕಡೆ ರೂಟರ್ ಇದ್ದು ಲೆಕ್ಕ ಮ್ಯಾಕ್ ವಿಳಾಸದ ಮೇಲಿದ್ದರೆ, ಎಲ್ಲ ಫ್ರೇಮ್‌ಗಳ ಮೇಲೂ ಅದೇ ಎರಡು ರೂಟರ್‌ಗಳ ವಿಳಾಸ ಇರುವುದರಿಂದ ಎಲ್ಲವೂ ಒಂದೇ ಕೇಬಲ್ ಹಿಡಿಯುತ್ತವೆ. ಐಪಿ ವಿಳಾಸಕ್ಕೆ, ಸಾಧ್ಯವಿದ್ದರೆ ಟಿಸಿಪಿ ಪೋರ್ಟ್ ಸಂಖ್ಯೆಗಳನ್ನೂ ಸೇರಿಸಿಕೊಳ್ಳುವ ಲೆಕ್ಕಕ್ಕೆ ಬದಲಾಯಿಸಬೇಕು. ಐಪರ್ಫ್ ಎಂಬ ವೇಗ ಅಳೆಯುವ ಸಾಧನದಲ್ಲಿ ಎಂಟು ಹೊಳೆ ಹರಿಸಿ ಪರೀಕ್ಷಿಸುವವರು, ಲೆಕ್ಕದಲ್ಲಿ ಪೋರ್ಟ್ ಸಂಖ್ಯೆ ಸೇರಿಲ್ಲದಿದ್ದರೆ ಆ ಎಂಟೂ ಒಂದೇ ಕೇಬಲ್‌ನಲ್ಲಿ ಹೋಗುತ್ತವೆ ಎಂಬುದನ್ನು ಮರೆಯಬಾರದು. ಹ್ಯಾಶ್ ಫಲವನ್ನು ಎಂಟು ಭಾಗ ಮಾಡುವ ಸ್ವಿಚ್‌ಗಳಲ್ಲಿ ಮೂರು ಕೇಬಲ್‌ಗಳಿಗೆ ಹಂಚಿಕೆ 3:3:2 ಆಗುತ್ತದೆ. ಎರಡು, ನಾಲ್ಕು ಅಥವಾ ಎಂಟು ಕೇಬಲ್ ಹಾಕಿದರಷ್ಟೇ ಸಮಪಾಲು.

ಆಗಾಗ ಬಿದ್ದು ಏಳುವ ಬಂಡಲ್

ಲಾಗ್‌ನ ಸಮಯಗಳನ್ನು ನೋಡಬೇಕು. ವೇಗದ ಟೈಮೌಟ್ ಇಟ್ಟಿದ್ದು, ಸ್ವಿಚ್‌ನ ಪ್ರೊಸೆಸರ್ ದಣಿದಾಗಲೆಲ್ಲ ಬಂಡಲ್ ಬೀಳುತ್ತಿದ್ದರೆ ಕೇಬಲ್ ನಿರಪರಾಧಿ. ಮೂರು ಸೆಕೆಂಡ್ ಫ್ರೇಮ್ ಕಳಿಸಲಾಗದಷ್ಟು ಆ ಸ್ವಿಚ್ ಬೇರೇನರಲ್ಲೋ ಮುಳುಗಿದೆ. ಸ್ಟ್ಯಾಕ್‌ನ ಮುಖ್ಯ ಸ್ವಿಚ್ ಬದಲಾದ ಕ್ಷಣದಲ್ಲೇ ಬಿದ್ದರೆ, ಸ್ಟ್ಯಾಕ್‌ನ ಮ್ಯಾಕ್ ವಿಳಾಸ ಬದಲಾಗಿ ಅದರೊಂದಿಗೆ ಸಿಸ್ಟಮ್ ಐಡಿಯೂ ಬದಲಾಗಿರುತ್ತದೆ. ಎದುರಿನವರಿಗೆ ಅದು ಹೊಸ ಸ್ವಿಚ್. ವಿಳಾಸವನ್ನು ಹಾಗೆಯೇ ಉಳಿಸಿಕೊಳ್ಳುವ ಆಯ್ಕೆ ಇದ್ದರೆ ಬಳಸಬೇಕು.

ಸರಿಪಡಿಸಿದ ಮೇಲೆ

ಎರಡೂ ತುದಿಯ ಸದಸ್ಯ ಪೋರ್ಟ್‌ಗಳನ್ನು ಮುಚ್ಚಿಟ್ಟು, ಎರಡೂ ಕಡೆ ಬಂಡಲ್‌ನ ಕಾನ್ಫಿಗರೇಶನ್ ಮುಗಿಸಿ, ಮೊದಲು ಒಂದೇ ಕೇಬಲನ್ನು ತೆರೆಯಬೇಕು. ಅದು 61 ಅಥವಾ 63 ತೋರಿಸಿದ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲ ಸೇರಿದ ನಂತರ ಹಲವು ವಿಳಾಸಗಳಿಗೆ ಪಿಂಗ್ ಓಡಿಸಿಟ್ಟು ಒಂದೊಂದೇ ಕೇಬಲನ್ನು ಕೈಯಿಂದ ಕಿತ್ತು, ಮತ್ತೆ ಹಾಕಿ, ಮುಂದಿನದಕ್ಕೆ ಹೋಗಬೇಕು. ಪಿಂಗ್‌ಗೆ 1472 ಬೈಟ್‌ನ ಗಾತ್ರ ಕೊಟ್ಟು, ಒಡೆಯಬಾರದೆಂಬ ಗುರುತು ಹಾಕಿದರೆ ಪೂರ್ಣ 1500 ಬೈಟ್‌ನ ಪ್ಯಾಕೆಟ್ ಹೋಗುತ್ತದೆ, ಅರೆಬರೆ ಕೆಟ್ಟ ಕೇಬಲ್ ಇದ್ದರೆ ಇಲ್ಲೇ ಹೊರಬೀಳುತ್ತದೆ. ಕೇಬಲ್ ಕೀಳುವಾಗ ಒಂದೆರಡು ಪಿಂಗ್ ತಪ್ಪುವುದು ಸಹಜ. ಮರಳಿ ಹಾಕಿದಾಗಲೂ ಕೆಲವು ವಿಳಾಸಗಳಿಗೆ ಉತ್ತರ ಬಾರದೆ ಹಾಗೆಯೇ ಉಳಿದರೆ, ಆ ಕೇಬಲನ್ನು ಎರಡೂ ತುದಿಯಲ್ಲಿ ಮುಚ್ಚಿ, ಅದರ ಎರಡೂ ಕಡೆಯ ಕೌಂಟರ್‌ಗಳಿಂದ ಮತ್ತೆ ಪ್ರಾರಂಭಿಸಬೇಕು.